‘ಹಾ... ಅಲ್ಲೇ!’ ಅನ್ನುವ ಜಾಗ

ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮನೆಗೆ ಬಂದಿದ್ದೀರಿ. ಮನೆಯವರು ಯಾರೋ ಕನಿಕರಪಟ್ಟು ಹೆಗಲು ಒತ್ತಿಕೊಡುತ್ತಾರೆ. ಹೆಬ್ಬೆರಳು ಅತ್ತಿತ್ತ ತಡಕಾಡುತ್ತದೆ. ‘ಇಲ್ಲ, ಇನ್ನು ಸ್ವಲ್ಪ ಮೇಲೆ... ಕತ್ತಿನ ಕಡೆಗೆ...’ ಎಂದು ನೀವು ದಾರಿ ಹೇಳುತ್ತಿರುತ್ತೀರಿ. ಬೆರಳು ಒಂದು ಕಡೆ ಊರಿದ್ದೇ ತಡ, ‘ಹಾ... ಅಲ್ಲೇ, ಅಲ್ಲೇ!’ ಎಂಬ ಕೂಗು ತಾನಾಗಿ ಹೊರಬೀಳುತ್ತದೆ. ಅದು ನೋವಿನ ಕೂಗೋ ಸುಖದ ಕೂಗೋ ಕೂಗಿದವರಿಗೂ ಗೊತ್ತಿರುವುದಿಲ್ಲ.

ಚೀನಾದ ವೈದ್ಯರು ಈ ಕೂಗನ್ನೇ ಒಂದು ಹೆಸರಾಗಿಸಿಕೊಂಡಿದ್ದಾರೆ. 7ನೇ ಶತಮಾನದಲ್ಲಿ, ತಾಂಗ್ ಅರಸರ ಕಾಲದಲ್ಲಿ ಬದುಕಿದ್ದ ಸುನ್ ಸಿಮಿಯಾವೊ ಎಂಬ ವೈದ್ಯ ‘ಆ-ಶಿ’ ಬಿಂದುವಿನ ಬಗ್ಗೆ ಬರೆದಿದ್ದಾನೆ. ‘ಆ-ಶಿ’ ಎಂದರೆ ‘ಹಾ, ಹೌದು’ ಎಂದಷ್ಟೇ ಅರ್ಥ. ಚೀನೀ ಆಕ್ಯುಪಂಕ್ಚರ್ ನಕ್ಷೆಯಲ್ಲಿ ಹೆಸರು, ಅಳತೆ ಸಮೇತ ಗುರುತಿಸಿದ 361 ಬಿಂದುಗಳಿವೆ. ಆ-ಶಿಗೆ ಮಾತ್ರ ನಕ್ಷೆಯಲ್ಲಿ ಜಾಗವಿಲ್ಲ. ವೈದ್ಯನ ಬೆರಳು ಹುಡುಕಬೇಕು, ರೋಗಿಯ ಬಾಯಿ ಒಪ್ಪಿಕೊಳ್ಳಬೇಕು. 20ನೇ ಶತಮಾನದಲ್ಲಿ ಅಮೆರಿಕದ ಡಾ. ಜಾನೆಟ್ ಟ್ರಾವೆಲ್ ಸ್ನಾಯುಗಳಲ್ಲಿ ಹೀಗೆ ಗಂಟು ಕಟ್ಟಿಕೊಂಡಂತಿರುವ, ಒತ್ತಿದರೆ ನೋವು ಬೇರೆಡೆಗೂ ಹರಿಯುವ ಜಾಗಗಳನ್ನು ‘ಟ್ರಿಗರ್ ಪಾಯಿಂಟ್’ ಎಂದು ವಿವರಿಸಿದರು. ಬೆನ್ನುನೋವಿನಿಂದ ನರಳುತ್ತಿದ್ದ ಅಧ್ಯಕ್ಷ ಕೆನಡಿಯ ವೈದ್ಯೆ ಆಕೆ. ಕಾಲ ಬೇರೆ, ದೇಶ ಬೇರೆ, ಸಿದ್ಧಾಂತವೂ ಬೇರೆ. ಬೆರಳು ಬಂದು ನಿಂತದ್ದು ಮಾತ್ರ ಹೆಚ್ಚುಕಡಿಮೆ ಅದೇ ಜಾಗದಲ್ಲಿ.

ಕತ್ತು, ಹೆಗಲು, ಮೇಲ್ಬೆನ್ನಿನ ನೋವು ಈಗ ಮನೆಮನೆಯ ಮಾತು. ಚೀನಾದಲ್ಲೂ ಹಾಗೆಯೇ. ಸದಾ ಮೊಬೈಲ್ ನೋಡುತ್ತ ನಡೆಯುವವರಿಗೆ ಅಲ್ಲಿ ‘ತಲೆತಗ್ಗಿಸಿದವರ ಕುಲ’ ಎಂಬ ಅಡ್ಡಹೆಸರೇ ಇದೆ. 2014ರಲ್ಲಿ ಚೊಂಗ್‌ಚಿಂಗ್ ನಗರದ ಒಂದು ಪ್ರವಾಸಿ ತಾಣದಲ್ಲಿ ಇಂಥವರಿಗೆಂದೇ ಪಾದಚಾರಿ ದಾರಿಯ ಅರ್ಧವನ್ನು ಗೆರೆ ಎಳೆದು ಬಿಟ್ಟುಕೊಟ್ಟಿದ್ದು ಜಗತ್ತಿಗೆಲ್ಲ ಸುದ್ದಿಯಾಗಿತ್ತು. ಆ ಕುಲದವರ ಕತ್ತು ಹಿಡಿದುಕೊಂಡಾಗ ಅವರು ಹೋಗುವುದು ಎಲ್ಲಿಗೆ? ಎಕ್ಸ್‌ರೇ ತೆಗೆಯುವ ಆಸ್ಪತ್ರೆಗೂ ಹೋಗುತ್ತಾರೆ, ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿರುವ ಸಾಂಪ್ರದಾಯಿಕ ವೈದ್ಯ ವಿಭಾಗಕ್ಕೂ ಹೋಗುತ್ತಾರೆ. ಅಲ್ಲಿ ಏನು ಮಾಡುತ್ತಾರೆ, ಅದರಲ್ಲಿ ಎಷ್ಟು ಹುರುಳಿದೆ, ನಾವು ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ಯಾವುದು, ಎಲ್ಲಿ ಹುಷಾರಾಗಿರಬೇಕು? ಈ ವಾರ ಅದನ್ನು ನೋಡೋಣ.

ಐದು ಕಿಲೋ ತಲೆ

ಮೊದಲು ತೊಂದರೆ ಏನೆಂದು ತಿಳಿಯಬೇಕು. ವಯಸ್ಕರ ತಲೆಯ ತೂಕ ಸುಮಾರು ಐದು ಕಿಲೋ. ನೀರು ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ಹೆಂಗಸರು ಮೈಲಿಗಟ್ಟಲೆ ನಡೆಯುತ್ತಿದ್ದರು. ಅದೇ ಕೊಡವನ್ನು ಕೈ ಮುಂದಕ್ಕೆ ಚಾಚಿ ಹಿಡಿಯಿರಿ ಎಂದರೆ ಒಂದು ನಿಮಿಷವೂ ಆಗದು. ಭಾರ ಕಂಬದ ನೇರಕ್ಕೆ ಇದ್ದಾಗ ಮೂಳೆ ಹೊರುತ್ತದೆ, ಕಂಬ ಬಿಟ್ಟು ಮುಂದಕ್ಕೆ ಚಾಚಿದಾಗ ಸ್ನಾಯು ಹೊರಬೇಕು. ಮೊಬೈಲ್ ಮೇಲೆ ಬಗ್ಗಿದ ತಲೆ, ಚಾಚಿದ ಕೈಯಲ್ಲಿರುವ ಆ ಕೊಡ. ಅಮೆರಿಕದ ಬೆನ್ನೆಲುಬು ತಜ್ಞ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯೊಂದರಿಂದ ಲೆಕ್ಕ ಹಾಕಿ, ಕತ್ತು 15 ಡಿಗ್ರಿ ಬಗ್ಗಿದರೆ ಸುಮಾರು 12 ಕಿಲೋ, 30 ಡಿಗ್ರಿಗೆ 18 ಕಿಲೋ, 60 ಡಿಗ್ರಿಗೆ 27 ಕಿಲೋದಷ್ಟು ಒತ್ತಡ ಬೀಳುತ್ತದೆ ಎಂದರು. ಇದು ಲೆಕ್ಕದ ಅಂದಾಜು, ಬದುಕಿರುವ ಮನುಷ್ಯರ ಕತ್ತಿನಲ್ಲಿ ಅಳೆದದ್ದಲ್ಲ. ಭಾರ ಯಾವ ದಿಕ್ಕಿಗೆ ಏರುತ್ತದೆ ಎಂಬುದಂತೂ ಸ್ಪಷ್ಟ.

ಈ ಭಾರವನ್ನು ಹಿಡಿದಿಡುವವರು ಹೆಡತಲೆಯ ಬುಡದ ಪುಟ್ಟ ಸ್ನಾಯುಗಳು, ಕತ್ತಿನಿಂದ ಹೆಗಲಿಗೆ ಇಳಿಯುವ ದೊಡ್ಡ ಟ್ರಪೀಜಿಯಸ್ ಸ್ನಾಯು, ಭುಜದ ಹಲಗೆಮೂಳೆಯನ್ನು ಮೇಲೆತ್ತುವ ಹಾಗೂ ಬೆನ್ನಿಗೆ ಸೆಳೆದುಕೊಳ್ಳುವ ಸ್ನಾಯುಗಳು. ಸ್ನಾಯುವಿಗೆ ಕೆಲಸ ಮಾಡಿ ದಣಿವಾಗುವುದಕ್ಕಿಂತ ಬಿಗಿಹಿಡಿದು ನಿಂತು ದಣಿವಾಗುವುದು ಹೆಚ್ಚು. ಬಿಗಿದ ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಹಿಂಡಿದಂತಾಗಿ ರಕ್ತದ ಓಡಾಟ ಕಡಿಮೆಯಾಗುತ್ತದೆ. ಸೌದೆ ಒಡೆದವನ ತೋಳು ರಾತ್ರಿ ನೋವಾಗಿ ಬೆಳಿಗ್ಗೆ ಸರಿಹೋಗುತ್ತದೆ. ಎಂಟು ಗಂಟೆ ಮೌಸ್ ಹಿಡಿದು ಕೂತವನ ಹೆಗಲು ಬೆಳಿಗ್ಗೆಗೂ ಬಿಡುವುದಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು. ಬೆನ್ನು ಬಾಗಿಸಿ ಕೂತವರಿಗೆಲ್ಲ ನೋವು ಬರುವುದಿಲ್ಲ. ನೆಟ್ಟಗೆ, ಸೇನೆಯವರಂತೆ ಕೂತವರಿಗೂ ಬರುತ್ತದೆ. ಹಾಗಾಗಿ ಯಾವ ಭಂಗಿಯಲ್ಲಿ ಕೂತಿರಿ ಎಂಬುದರ ಜೊತೆಗೆ, ಅದೇ ಭಂಗಿಯಲ್ಲಿ ಎಷ್ಟು ಹೊತ್ತು ಕೂತಿರಿ ಎಂಬುದನ್ನೂ ಕೇಳಬೇಕು. ಈ ಎರಡನೇ ಪ್ರಶ್ನೆಯನ್ನು ಚೀನೀ ವೈದ್ಯ ಎರಡು ಸಾವಿರ ವರ್ಷಗಳ ಹಿಂದೆಯೇ ಕೇಳಿತ್ತು.

ಐದು ದಣಿವು

ಚೀನೀ ವೈದ್ಯದ ಮೂಲಗ್ರಂಥ ‘ಹುವಾಂಗ್‌ದಿ ನೇಯ್‌ಜಿಂಗ್’. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ರೂಪುಗೊಂಡದ್ದು. ಅದರಲ್ಲಿ ಐದು ಬಗೆಯ ದಣಿವುಗಳ ಪಟ್ಟಿಯಿದೆ. ಬಹಳ ಹೊತ್ತು ನೋಡುತ್ತಿದ್ದರೆ ರಕ್ತಕ್ಕೆ ಕೆಡುಕು, ಬಹಳ ಹೊತ್ತು ಮಲಗಿದರೆ ಪ್ರಾಣಶಕ್ತಿಗೆ, ಕೂತರೆ ಮಾಂಸಖಂಡಕ್ಕೆ, ನಿಂತರೆ ಮೂಳೆಗೆ, ನಡೆದರೆ ಸ್ನಾಯುಬಂಧಗಳಿಗೆ ಎಂಬುದು ಅದರ ಸಾರ. ಯಾವ ಅಂಗಕ್ಕೆ ಏನು ಎಂಬ ಹೊಂದಾಣಿಕೆಯನ್ನು ಇಂದಿನ ವಿಜ್ಞಾನ ಒಪ್ಪಬೇಕಿಲ್ಲ. ಆದರೆ ಐದರಲ್ಲೂ ‘ಬಹಳ ಹೊತ್ತು’ ಎಂಬುದು ಇದೆ ನೋಡಿ. ಕೂರುವುದು ತಪ್ಪು, ನಡೆಯುವುದು ಸರಿ ಎಂದು ಅದು ಹೇಳುವುದಿಲ್ಲ. ಮಲಗುವುದೂ ಪಟ್ಟಿಯಲ್ಲಿದೆ. ಅತಿಯಾದರೆ ಯಾವುದೂ ಪೆಟ್ಟೇ.

ಈ ವೈದ್ಯಪದ್ಧತಿಯಲ್ಲಿ ದೇಹವೆಂದರೆ ಹರಿವು. ‘ಚೀ’ ಎಂಬ ಪ್ರಾಣಶಕ್ತಿ, ಅದರೊಂದಿಗೆ ರಕ್ತ, ನಿಗದಿಯಾದ ನಾಳಪಥಗಳಲ್ಲಿ ಹರಿಯುತ್ತಿರಬೇಕು. ತಡೆದರೆ ನೋವು, ತೆರೆದರೆ ಪರಿಹಾರ. ಗದ್ದೆಗೆ ನೀರು ಹಾಯಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಲುವೆಯಲ್ಲಿ ಕಸ ಕಟ್ಟಿದರೆ ಮೇಲೆ ನೀರು ಉಕ್ಕುತ್ತದೆ, ಕೆಳಗೆ ಪೈರು ಒಣಗುತ್ತದೆ. ಶವಪರೀಕ್ಷೆ ಮಾಡಿದ ಯಾರಿಗೂ ಈ ನಾಳಪಥಗಳು ಕಣ್ಣಿಗೆ ಬಿದ್ದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅವು ಅಂಗರಚನೆಯ ಚಿತ್ರಗಳಲ್ಲ, ನೋವು ಎಲ್ಲಿಂದ ಎಲ್ಲಿಗೆ ಹರಡುತ್ತದೆ, ಎಲ್ಲಿ ಒತ್ತಿದರೆ ಎಲ್ಲಿ ಹಗುರಾಗುತ್ತದೆ ಎಂದು ತಲೆಮಾರುಗಳು ಗುರುತು ಹಾಕಿಕೊಂಡ ದಾರಿನಕ್ಷೆ ಎಂದುಕೊಂಡರೆ ಸಾಕು.

ಕತ್ತು ಈ ನಕ್ಷೆಯಲ್ಲಿ ನಾಲ್ಕು ದಾರಿ ಕೂಡುವ ವೃತ್ತ. ಬೆನ್ನುಮೂಳೆಯ ನಡುವೆ ಏರುವ ‘ದು’ ನಾಳ, ಅದರ ಎರಡೂ ಬದಿಗೆ ಇಳಿಯುವ ಮೂತ್ರಕೋಶದ ನಾಳ, ಕತ್ತಿನ ಪಕ್ಕದಿಂದ ಹೆಗಲ ನೆತ್ತಿಗೆ ಬರುವ ಪಿತ್ತಕೋಶದ ನಾಳ, ಕೈಯ ಕಿರುಬೆರಳಿಂದ ಹೊರಟು ಭುಜದ ಹಲಗೆಯ ಮೇಲೆ ಅಂಕುಡೊಂಕಾಗಿ ಹಾಯುವ ಸಣ್ಣಕರುಳಿನ ನಾಳ. ಇವುಗಳ ಮೇಲಿನ ಬಿಂದುಗಳ ಹೆಸರುಗಳು ಸೊಗಸಾಗಿವೆ. ಹೆಡತಲೆಯ ಕೆಳಗಿನ ಗುಳಿ ‘ಫೆಂಗ್‌ಚಿ’, ಅಂದರೆ ಗಾಳಿಯ ಕೊಳ. ಅದರ ನೆರೆಯಲ್ಲಿ ‘ಫೆಂಗ್‌ಫು’, ಗಾಳಿಯ ಅರಮನೆ. ಮೇಲ್ಬೆನ್ನಿನಲ್ಲಿ ‘ಫೆಂಗ್‌ಮೆನ್’, ಗಾಳಿಯ ಬಾಗಿಲು. ಹೊರಗಿನ ಶೀತಗಾಳಿ ದೇಹವನ್ನು ಹೊಗುವುದು ಕತ್ತಿನ ಹಿಂಬದಿಯಿಂದ ಎಂಬುದು ಅವರ ನಂಬಿಕೆ. ಬೆಳಗಿನ ಜಾವದ ಬಸ್ಸಿನಲ್ಲಿ ಮಫ್ಲರ್ ಸುತ್ತಿಕೊಂಡು ಕಿಟಕಿ ಎಳೆಯುವ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ನಿಮ್ಮ ಬೆರಳಿಗೆ ಐದು ಜಾಗ

ಸೂಜಿ ಇಲ್ಲದೆ, ಖರ್ಚಿಲ್ಲದೆ ಮಾಡಿಕೊಳ್ಳಬಹುದಾದದ್ದು ಬಿಂದುಗಳನ್ನು ಒತ್ತುವುದು. ಐದನ್ನು ಕಲಿತರೆ ಕಚೇರಿಯ ಕುರ್ಚಿಯಲ್ಲೇ ಕೂತು ಮಾಡಬಹುದು.

ಮೊದಲನೆಯದು ಗಾಳಿಯ ಕೊಳ. ಕಿವಿಯ ಹಿಂದಿನ ಮೂಳೆಯಿಂದ ಬೆರಳನ್ನು ಹೆಡತಲೆಯ ಬುಡದಗುಂಟ ಒಳಕ್ಕೆ ಜಾರಿಸಿ. ಕತ್ತಿನ ಎರಡು ದೊಡ್ಡ ಸ್ನಾಯುಗಳ ನಡುವೆ ಒಂದು ಗುಳಿ ಸಿಗುತ್ತದೆ. ಎರಡೂ ಕೈಗಳಿಂದ ತಲೆಯನ್ನು ಹಿಂದಿನಿಂದ ಹಿಡಿದು, ಹೆಬ್ಬೆರಳುಗಳನ್ನು ಆ ಗುಳಿಗಳಲ್ಲಿ ಊರಿ, ಕಣ್ಣಿನ ದಿಕ್ಕಿಗೆ ಮೆಲ್ಲಗೆ ಒತ್ತಬೇಕು. ಎರಡನೆಯದು ‘ಟಿಯಾನ್‌ಜು’, ಆಕಾಶದ ಕಂಬ. ಗಾಳಿಯ ಕೊಳಕ್ಕಿಂತ ಸ್ವಲ್ಪ ಕೆಳಗೆ, ಬೆನ್ನೆಲುಬಿಗೆ ಹತ್ತಿರವಾಗಿ ಎರಡು ಹುರಿಗಳಂತಿರುವ ಸ್ನಾಯುಗಳ ಹೊರ ಅಂಚಿನಲ್ಲಿದೆ. ಐದು ಕಿಲೋ ಆಕಾಶವನ್ನು ಹೊತ್ತ ಕಂಬಕ್ಕೆ ತಕ್ಕ ಹೆಸರು!

ಮೂರನೆಯದು ‘ಜಿಯಾನ್‌ಜಿಂಗ್’, ಹೆಗಲ ಬಾವಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಗೂ ಭುಜದ ತುದಿಗೂ ಸರಿಯಾಗಿ ಮಧ್ಯೆ, ಹೆಗಲ ನೆತ್ತಿಯಲ್ಲಿ. ಹೆಚ್ಚಿನವರ ‘ಹಾ, ಅಲ್ಲೇ’ ಕೇಳಿಬರುವುದು ಇಲ್ಲಿಂದಲೇ. ಇನ್ನೊಂದು ಕೈಯ ನಡುಬೆರಳಿನಿಂದ ಒತ್ತಬಹುದು, ಅಥವಾ ಇಡೀ ಸ್ನಾಯುವನ್ನು ಅಂಗೈಯಲ್ಲಿ ಹಿಡಿದು ಚಪಾತಿ ಹಿಟ್ಟು ನಾದಿದಂತೆ ನಾದಬಹುದು. ಗರ್ಭಿಣಿಯರಿಗೆ ಈ ಬಿಂದುವನ್ನು ಒತ್ತಬಾರದು ಎಂಬುದು ಚೀನೀ ವೈದ್ಯದ ಹಳೆಯ ಕಟ್ಟಳೆ. ಅದನ್ನು ಪಾಲಿಸುವುದು ಒಳ್ಳೆಯದು.

ಉಳಿದೆರಡು ಇರುವುದು ಕೈಯಲ್ಲಿ. ಮುಷ್ಟಿ ಕಟ್ಟಿದಾಗ ಕಿರುಬೆರಳ ಬುಡದ ಹೊರಬದಿಯಲ್ಲಿ ಗೆರೆ ಮುಗಿಯುವ ಕಡೆ ‘ಹೋಶಿ’. ಅಂಗೈಯ ಹಿಂಬದಿಯಲ್ಲಿ, ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳಿಂದ ಸ್ವಲ್ಪ ಮಣಿಕಟ್ಟಿನ ಕಡೆಗೆ, ಎರಡು ಮೂಳೆಗಳ ನಡುವೆ ‘ಲುವೊಜೆನ್’. ಇದರ ಅರ್ಥ ದಿಂಬಿನಿಂದ ಜಾರುವುದು. ರಾತ್ರಿ ತಲೆದಿಂಬು ತಪ್ಪಿ ಬೆಳಿಗ್ಗೆ ಕತ್ತು ಹಿಡಿದುಕೊಂಡು ಏಳುವ ತೊಂದರೆಗೂ ಚೀನೀಯರು ಇದೇ ಹೆಸರನ್ನಿಟ್ಟಿದ್ದಾರೆ. ಹೀಗೆ ಕತ್ತು ಉಳುಕಿದಾಗ ನೋಯುವ ಜಾಗವನ್ನು ಮುಟ್ಟಲೂ ಆಗದು. ಆಗ ಕೈಯ ಬಿಂದುವನ್ನು ಒತ್ತಿ ಹಿಡಿದುಕೊಂಡು ಕತ್ತನ್ನು ನಿಧಾನವಾಗಿ, ಆದಷ್ಟು ಮಾತ್ರ, ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಸೂಜಿ ಹಾಕುವ ವೈದ್ಯರೂ ಹೀಗೇ ಮಾಡುತ್ತಾರೆ. ಸೂಜಿ ಕೈಯಲ್ಲಿರುತ್ತದೆ, ‘ಕತ್ತು ತಿರುಗಿಸಿ’ ಎಂದು ರೋಗಿಗೆ ಹೇಳುತ್ತಿರುತ್ತಾರೆ. ಚಲನೆಯೂ ಚಿಕಿತ್ಸೆಯ ಪಾಲು.

ಪ್ರತಿ ಬಿಂದುವಿಗೆ ಅರ್ಧದಿಂದ ಒಂದು ನಿಮಿಷ ಸಾಕು. ಹಿತವಾದ ನೋವು ಇರಲಿ, ಹಲ್ಲು ಕಚ್ಚುವಷ್ಟು ಬೇಡ. ಉಸಿರು ಬಿಗಿಹಿಡಿಯಬೇಡಿ. ಕತ್ತಿನ ಮುಂಭಾಗ, ನಾಡಿ ಬಡಿಯುವ ಪಕ್ಕದ ಭಾಗ ಇವನ್ನು ಒತ್ತಲೇಬಾರದು.

ಉರುಳುವ ಕೈ, ಕೆರೆಯುವ ಚಮಚ

ಚಿಕಿತ್ಸಾಲಯದಲ್ಲಿ ಸಿಗುವ ಮೊದಲ ಉಪಚಾರ ‘ತುಯ್‌ನಾ’. ತುಯ್ ಎಂದರೆ ತಳ್ಳು, ನಾ ಎಂದರೆ ಹಿಡಿ. ನಮ್ಮ ಎಣ್ಣೆ ಮಾಲೀಷಿನಂತೆ ಮೈಯಿಡೀ ನೀವುವುದಲ್ಲ. ಬಟ್ಟೆಯ ಮೇಲಿಂದಲೇ ಬೇಕಾದ ಜಾಗಕ್ಕಷ್ಟೇ ಕೈ ಹಾಕುವ ವಿದ್ಯೆ. ಇದರಲ್ಲಿ ಒತ್ತುವುದು, ನಾದುವುದು, ಹಿಡಿದೆತ್ತುವುದು ಎಂದು ಹಲವು ವರಸೆಗಳಿವೆ. ಕತ್ತು, ಹೆಗಲಿಗೆ ಹೆಚ್ಚು ಬಳಸುವುದು ಉರುಳಿಸುವ ವರಸೆ. ಅಂಗೈಯ ಹಿಂಬದಿಯನ್ನು ಕಿರುಬೆರಳ ಕಡೆಯಿಂದ ಸ್ನಾಯುವಿನ ಮೇಲಿಟ್ಟು, ಮಣಿಕಟ್ಟನ್ನು ತೂಗುತ್ತ ನಿಮಿಷಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ಸಲ ಹಿಂದೆಮುಂದೆ ಉರುಳಿಸುತ್ತಾರೆ. 20ನೇ ಶತಮಾನದಲ್ಲಿ ಶಾಂಘೈನ ಡಿಂಗ್ ಜಿಫೆಂಗ್ ಇದನ್ನು ರೂಪಿಸಿದರು. ವಿದ್ಯಾರ್ಥಿಗಳು ರೋಗಿಯ ಮೈ ಮುಟ್ಟುವ ಮೊದಲು ಮರಳಿನ ಚೀಲದ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಬೇಕು.

ಎರಡನೆಯದು ‘ಗ್ವಾ ಶಾ’, ಅಂದರೆ ಕೆರೆಯುವುದು. ಚರ್ಮಕ್ಕೆ ಎಣ್ಣೆ ಸವರಿ, ಎಮ್ಮೆ ಕೊಂಬಿನ ನುಣುಪಾದ ಬಿಲ್ಲೆಯಿಂದಲೋ ಪಿಂಗಾಣಿ ಚಮಚದ ಅಂಚಿನಿಂದಲೋ ಕತ್ತಿನಿಂದ ಹೆಗಲಿಗೆ ಒಂದೇ ದಿಕ್ಕಿನಲ್ಲಿ ಎಳೆಯುತ್ತಾರೆ. ಚರ್ಮದ ಮೇಲೆ ಕೆಂಪು ಚುಕ್ಕೆಗಳು ಮೂಡಿ ಎರಡು ಮೂರು ದಿನಗಳಲ್ಲಿ ಮಾಸುತ್ತವೆ. ನೋಡಿದವರಿಗೆ ಗಾಬರಿಯಾಗುತ್ತದೆ. ಆಗುವುದೇನೆಂದರೆ, ಚರ್ಮದಡಿಯ ಕೂದಲೆಳೆ ರಕ್ತನಾಳಗಳಿಂದ ಒಂದಿಷ್ಟು ರಕ್ತ ಜಿನುಗುತ್ತದೆ, ಅಲ್ಲಿಗೆ ರಕ್ತದ ಓಡಾಟ ಏರುತ್ತದೆ. ಅಮೆರಿಕದ ಆರ್ಯಾ ನೀಲ್ಸೆನ್ 2007ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಕೆರೆದ ಜಾಗದ ಮೇಲ್ಪದರದ ರಕ್ತಸಂಚಾರ ಮೊದಲ ಏಳೆಂಟು ನಿಮಿಷ ನಾಲ್ಕು ಪಟ್ಟು ಹೆಚ್ಚಿತ್ತು. ಜರ್ಮನಿಯಲ್ಲಿ ಬಹುಕಾಲದ ಕತ್ತುನೋವಿದ್ದ 48 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಸಲ ಗ್ವಾ ಶಾ ಮಾಡಿಸಿಕೊಂಡವರಿಗೆ ಬಿಸಿ ಪಟ್ಟಿ ಹಚ್ಚಿಕೊಂಡವರಿಗಿಂತ ವಾರದ ಬಳಿಕ ನೋವು ಕಡಿಮೆಯಿತ್ತು. ಒಂದು ವಾರದ ಮಾತು ಅದು, ಒಂದು ವರ್ಷದ್ದಲ್ಲ.

ಮೂರನೆಯದು ಬಟ್ಟಲು ಹಚ್ಚುವುದು. ಗಾಜಿನ ಬಟ್ಟಲೊಳಗೆ ಕ್ಷಣಕಾಲ ಬೆಂಕಿ ಆಡಿಸಿ ಬೆನ್ನಿಗೆ ಅಂಟಿಸಿದರೆ ಅದು ಚರ್ಮವನ್ನು ಎಳೆದುಕೊಳ್ಳುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲಿನ ಮೇಲೆ ಕಂಡ ದುಂಡು ಕಲೆಗಳು ಇದರವೇ. ಚೀನಾದಲ್ಲಿ ಇದರ ಹಳೆಯ ಹೆಸರು ‘ಕೊಂಬಿನ ವಿಧಾನ’, ಮೊದಲು ಬಳಸುತ್ತಿದ್ದದ್ದು ಪ್ರಾಣಿಗಳ ಕೊಂಬನ್ನು. ನಮ್ಮ ಸುಶ್ರುತ ಸಂಹಿತೆಯಲ್ಲೂ ರಕ್ತ ಸೆಳೆಯಲು ಕೊಂಬು ಮತ್ತು ಸೋರೆಬುರುಡೆಗಳ ಬಳಕೆ ಹೇಳಿದೆ.

ಕುಡಿಯುವ ಔಷಧವೂ ಇದೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಜಾಂಗ್ ಜೊಂಗ್‌ಜಿಂಗ್ ಬರೆದ ‘ಶಾಂಗ್‌ಹಾನ್ ಲುನ್’ ಗ್ರಂಥದಲ್ಲಿ, ಶೀತಗಾಳಿ ಹೊಡೆದು ಹೆಕ್ಕತ್ತು, ಬೆನ್ನು ಬಿಗಿದವರಿಗೆ ‘ಗೆಗೆನ್ ತಾಂಗ್’ ಎಂಬ ಕಷಾಯವನ್ನು ಹೇಳಿದೆ. ಗೆಗೆನ್ ಎಂಬ ಬಳ್ಳಿಯ ಗಡ್ಡೆ, ದಾಲ್ಚಿನ್ನಿಯ ಎಳೆಕಡ್ಡಿ, ಹಸಿ ಶುಂಠಿ, ಜ್ಯೇಷ್ಠಮಧು, ಎಲಚಿಯ ಜಾತಿಯ ಒಣಹಣ್ಣು, ಪಿಯೊನಿ ಬೇರು ಮತ್ತು ಮಾಹುವಾಂಗ್, ಒಟ್ಟು ಏಳು. ಜಪಾನಿನ ಔಷಧದಂಗಡಿಗಳಲ್ಲಿ ಇದು ‘ಕಕ್ಕೊಂತೊ’ ಎಂಬ ಹೆಸರಲ್ಲಿ ಇಂದಿಗೂ ಸಲೀಸಾಗಿ ಸಿಗುತ್ತದೆ, ನೆಗಡಿಗೂ ಹೆಗಲು ಬಿಗಿತಕ್ಕೂ ಕೊಳ್ಳುತ್ತಾರೆ. ಹೆಸರುಗಳಲ್ಲಿ ಅರ್ಧ ನಮ್ಮ ಅಡುಗೆಮನೆಯವೇ ಎಂದು ತರಿಸಿಕೊಂಡು ಕುಡಿಯಬೇಡಿ. ಮಾಹುವಾಂಗ್‌ನಲ್ಲಿ ಎಫೆಡ್ರಿನ್ ಇದೆ. ಬಿ.ಪಿ., ಹೃದಯದ ತೊಂದರೆ ಇರುವವರಿಗೆ ಅದು ಅಪಾಯ.

ಸೂಜಿಯ ಲೆಕ್ಕಾಚಾರ

ಚೀನೀ ವೈದ್ಯವೆಂದರೆ ಜನ ಮೊದಲು ನೆನೆಯುವುದು ಸೂಜಿಯನ್ನು. ಹೊರಜಗತ್ತಿಗೆ ಅದು ದೊಡ್ಡದಾಗಿ ಗೊತ್ತಾದದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಬಳಿಕದ ಹೊಟ್ಟೆಯುಬ್ಬರಕ್ಕೆ ಸೂಜಿ ಚಿಕಿತ್ಸೆ ಕೊಟ್ಟರು. ಅವರು ಅದನ್ನು ಬರೆದರು, ಅಮೆರಿಕ ಕುತೂಹಲದಿಂದ ಕಣ್ಣರಳಿಸಿತು. ಕಾಲು ಮಿಲಿಮೀಟರ್ ದಪ್ಪದ ಈ ಸೂಜಿ ಇಂಜೆಕ್ಷನ್ ಸೂಜಿಗಿಂತ ಬಹಳ ತೆಳು. ಒಳಹೊಕ್ಕಾಗ ಚುರುಕ್ಕೆನ್ನುವುದಕ್ಕಿಂತ ಭಾರವಾದ, ಜೋಮು ಹಿಡಿದಂಥ ಅನುಭವವಾಗುತ್ತದೆ. ‘ಚೀ ಬಂತು’ ಎಂದು ವೈದ್ಯ ಖಾತ್ರಿ ಮಾಡಿಕೊಳ್ಳುವುದು ಆಗಲೇ.

ಕತ್ತುನೋವಿನ ವಿಷಯದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ. ಜರ್ಮನಿಯಲ್ಲಿ 14,161 ರೋಗಿಗಳನ್ನು ಒಳಗೊಂಡು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಸೂಜಿಯನ್ನೂ ಹಾಕಿಸಿಕೊಂಡವರು ಮೂರು ತಿಂಗಳ ಕೊನೆಗೆ ಹೆಚ್ಚು ಸುಧಾರಿಸಿದ್ದರು. ದೀರ್ಘಕಾಲದ ನೋವಿನ 39 ಪ್ರಯೋಗಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಸೂಜಿಗೆ ಪರಿಣಾಮವಿದೆ ಎಂದಿತು. ಆದರೆ ಇನ್ನೊಂದು ಮಾತೂ ಅದರಲ್ಲಿದೆ. ಸುಳ್ಳು ಸೂಜಿ ಚುಚ್ಚಿದವರಿಗೂ ಸಾಕಷ್ಟು ಗುಣವಾಗಿತ್ತು. ನಿಜ ಸೂಜಿ ಅದಕ್ಕಿಂತ ಮೇಲು, ಆದರೆ ಆ ಅಂತರ ಚಿಕ್ಕದು. ಮಲಗಿದ್ದು, ಯಾರೋ ಗಮನವಿಟ್ಟು ನೋಡಿದ್ದು, ಗುಣವಾಗುತ್ತದೆಂಬ ನಂಬಿಕೆ, ಇವೆಲ್ಲಕ್ಕೂ ಗುಣದಲ್ಲಿ ಪಾಲಿದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2021ರಲ್ಲಿ, ನಿರ್ದಿಷ್ಟ ಕಾರಣ ಸಿಗದ ದೀರ್ಘಕಾಲದ ನೋವಿಗೆ ಆಕ್ಯುಪಂಕ್ಚರ್ ಅನ್ನು ಪರಿಗಣಿಸಬಹುದು ಎಂದದ್ದು ಇದನ್ನೆಲ್ಲ ತೂಗಿ ನೋಡಿದ ಮೇಲೆ. ಅದೇ ಮಾರ್ಗಸೂಚಿ ವ್ಯಾಯಾಮವನ್ನೂ ಹೇಳಿದೆ.

ನನಗೆ ಎಲ್ಲಕ್ಕಿಂತ ಅರ್ಥಪೂರ್ಣವಾಗಿ ಕಂಡದ್ದು 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗ. ಬಹುಕಾಲದ ಕತ್ತುನೋವಿದ್ದ 517 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎಂದಿನ ಚಿಕಿತ್ಸೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆ 12 ಬಾರಿ ಸೂಜಿ. ಮೂರನೆಯ ಗುಂಪಿಗೆ ಕೂರುವ, ನಿಲ್ಲುವ, ಚಲಿಸುವ ರೂಢಿಯನ್ನು ತಿದ್ದಿಕೊಳ್ಳಲು ಕಲಿಸುವ ‘ಅಲೆಕ್ಸಾಂಡರ್ ಟೆಕ್ನಿಕ್’ನ 20 ಪಾಠ. ಒಂದು ವರ್ಷದ ಬಳಿಕ ಸೂಜಿಯವರೂ ಪಾಠದವರೂ ಮೊದಲ ಗುಂಪಿಗಿಂತ ಮುಂದಿದ್ದರು, ತಮ್ಮತಮ್ಮಲ್ಲಿ ಹೆಚ್ಚುಕಡಿಮೆ ಸಮನಾಗಿದ್ದರು. ಪರಿಣತ ಕೈಯ ಸೂಜಿ ಮಾಡಿದಷ್ಟನ್ನೇ ಮೈ ಬಳಸುವ ರೂಢಿ ಬದಲಿಸಿಕೊಂಡದ್ದೂ ಮಾಡಿತು.

ಹಿಂತಿರುಗಿ ನೋಡುವ ವರಸೆ

ಚೀನೀಯರಿಗೆ ಇದು ಗೊತ್ತಿರಲಿಲ್ಲವೇ? ಸೂಜಿಯ ಶಾಸ್ತ್ರ ಪೂರ್ತಿ ರೂಪುಗೊಳ್ಳುವ ಮೊದಲೇ ಗೊತ್ತಿತ್ತು. 1970ರ ದಶಕದ ಆರಂಭದಲ್ಲಿ ಹುನಾನ್ ಪ್ರಾಂತ್ಯದ ಚಾಂಗ್‌ಶಾ ಬಳಿಯ ಮಾವಾಂಗ್‌ದುಯಿ ಎಂಬಲ್ಲಿ ಹಾನ್ ಕಾಲದ ಸಮಾಧಿಗಳನ್ನು ಅಗೆದರು. ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಸಮಾಧಿಯಲ್ಲಿ ರೇಷ್ಮೆಯ ಮೇಲೆ ಬಿಡಿಸಿದ ಚಿತ್ರಪಟ ಸಿಕ್ಕಿತು. ಅದರ ತುಂಬ 44 ಮನುಷ್ಯಾಕೃತಿಗಳು. ಗಂಡಸರು, ಹೆಂಗಸರು, ಎಳೆಯರು, ಮುದುಕರು ಬಾಗುತ್ತ, ತಿರುಗುತ್ತ, ತೋಳು ಚಾಚುತ್ತ ವ್ಯಾಯಾಮ ಮಾಡುತ್ತಿದ್ದಾರೆ.

ಆ ಪರಂಪರೆಯಿಂದ ಬೆಳೆದು, ಸೊಂಗ್ ಕಾಲದ ಬರಹಗಳಲ್ಲಿ ಹೆಸರು ಕಾಣಿಸುವ ವ್ಯಾಯಾಮ ‘ಬಾದುವಾನ್‌ಜಿನ್’. ಜರತಾರಿಯ ಎಂಟು ತುಂಡು ಎಂದು ಅರ್ಥ. ಬೆಳಿಗ್ಗೆ ಚೀನಾದ ಯಾವ ಉದ್ಯಾನಕ್ಕೆ ಹೋದರೂ ಇದನ್ನು ಮಾಡುವವರು ಸಿಗುತ್ತಾರೆ. ಎಂಟೇ ವರಸೆ, ಹದಿನೈದು ನಿಮಿಷ ಸಾಕು. ಕತ್ತು, ಮೇಲ್ಬೆನ್ನಿಗೆ ಇವುಗಳಲ್ಲಿ ಮೂರು ಮುಖ್ಯ.

ಮೊದಲನೆಯದು ಎರಡೂ ಕೈಗಳಿಂದ ಆಕಾಶ ಎತ್ತುವುದು. ಬೆರಳುಗಳನ್ನು ಹೆಣೆದು, ಅಂಗೈ ಮೇಲ್ಮಾಡಿ ತಲೆಯ ಮೇಲಕ್ಕೆ ಚಾಚಿ, ಕಣ್ಣು ಕೈಯನ್ನು ಹಿಂಬಾಲಿಸಲಿ. ಎರಡನೆಯದು ಬಿಲ್ಲು ಎಳೆಯುವುದು. ಕಾಲು ಅಗಲಿಸಿ ಸ್ವಲ್ಪ ಕುಳಿತಂತೆ ನಿಂತು, ಒಂದು ಕೈಯನ್ನು ಪಕ್ಕಕ್ಕೆ ಚಾಚಿ, ಇನ್ನೊಂದರಿಂದ ಹೆದೆ ಎಳೆದಂತೆ ಮೊಣಕೈಯನ್ನು ಹಿಂದಕ್ಕೆ ಸೆಳೆಯಿರಿ. ಕೀಬೋರ್ಡಿನ ಮೇಲೆ ಮುದುಡಿದ ಎದೆ ಬಿಚ್ಚಿಕೊಳ್ಳುತ್ತದೆ, ಭುಜದ ಹಲಗೆಗಳು ಒಂದನ್ನೊಂದು ಹುಡುಕಿಕೊಂಡು ಬರುತ್ತವೆ. ಮೂರನೆಯದರ ಹೆಸರು ಐದು ದಣಿವು, ಏಳು ಪೆಟ್ಟುಗಳಿಗೆ ಹಿಂತಿರುಗಿ ನೋಡುವುದು. ಕೈ ಕೆಳಗೆ ಬಿಟ್ಟು, ಅಂಗೈ ಹೊರಕ್ಕೆ ತಿರುಗಿಸಿ, ಸೊಂಟ ಅಲುಗಿಸದೆ ತಲೆಯನ್ನು ಮಾತ್ರ ನಿಧಾನವಾಗಿ ಒಂದು ಬದಿಗೆ ತಿರುಗಿಸಿ ಹಿಂದೆ ನೋಡಬೇಕು. ಒಂದು ಉಸಿರು ನಿಂತು ಮರಳಿ ಮುಂದಕ್ಕೆ. ಆ ಐದು ದಣಿವುಗಳು ಯಾವುವು ಎಂದು ಮೇಲೆಯೇ ನೋಡಿದೆವು.

1951ರಲ್ಲಿ ಚೀನಾ ರೇಡಿಯೊ ಮೂಲಕ ಸಾಮೂಹಿಕ ಕವಾಯತು ಶುರುಮಾಡಿತು. ಶಾಲೆ, ಕಾರ್ಖಾನೆ, ಕಚೇರಿಗಳಲ್ಲಿ ಸಂಗೀತ ಬಂದೊಡನೆ ಜನ ಎದ್ದು ನಿಂತು ಕೈಕಾಲು ಆಡಿಸುತ್ತಿದ್ದರು. ಸರ್ಕಾರದ ಅಪ್ಪಣೆಯ ವ್ಯಾಯಾಮ ನಮಗೆ ಬೇಡ. ಗಂಟೆಗೊಮ್ಮೆ ಯಾರಾದರೂ ‘ಏಳಿ’ ಎನ್ನುವ ಏರ್ಪಾಟು ಮಾತ್ರ ಬೇಕು. ಮೊಬೈಲಿನಲ್ಲೇ ಅಲಾರಂ ಇದೆಯಲ್ಲ.

ಯಾರ ಕೈಗೆ ಕತ್ತು ಕೊಡಬೇಕು?

ಸೂಜಿ ಚಿಕಿತ್ಸೆ ನಮ್ಮ ದೇಶಕ್ಕೆ ಬಂದ ದಾರಿಯಲ್ಲಿ ಒಂದು ಸ್ನೇಹದ ಕಥೆಯಿದೆ. ಜಪಾನ್ ದಾಳಿಯ ಕಾಲದಲ್ಲಿ, 1938ರಲ್ಲಿ, ಭಾರತದಿಂದ ಐವರು ವೈದ್ಯರ ತಂಡ ಚೀನಾಕ್ಕೆ ಹೋಯಿತು. ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅಲ್ಲೇ 1942ರಲ್ಲಿ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಿಜಯಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತದಲ್ಲಿ ಆರಂಭಿಸಿದರು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಗುರುತಿಸಿತು. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಪಠ್ಯದಲ್ಲೂ ಆಕ್ಯುಪಂಕ್ಚರ್ ಇದೆ.

ಬೋರ್ಡು ನೋಡಿ ಒಳಹೋಗುವ ಮುನ್ನ ಕಲಿತದ್ದು ಎಲ್ಲಿ, ಎಷ್ಟು ವರ್ಷ ಎಂದು ಕೇಳಿ. ಸೂಜಿ ನಿಮ್ಮೆದುರೇ ಹೊಸ ಪೊಟ್ಟಣದಿಂದ ಬರಬೇಕು, ಬಳಸಿದ ಮೇಲೆ ಎಸೆಯಬೇಕು. ಹೆಗಲ ಬಾವಿಯ ಕೆಳಗೇ ಶ್ವಾಸಕೋಶದ ತುದಿಯಿದೆ. ಅಲ್ಲಿ ಆಳಕ್ಕೆ ಚುಚ್ಚಿ ಶ್ವಾಸಕೋಶ ತೂತಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಗ್ವಾ ಶಾ, ಬಟ್ಟಲು ಬೇಡ. ಕತ್ತನ್ನು ಹಠಾತ್ತನೆ ತಿರುಚಿ ‘ಲಟಕ್’ ಅನ್ನಿಸುವುದು ಕ್ಷೌರದಂಗಡಿಯಲ್ಲೂ ಬೇಡ, ತುಯ್‌ನಾ ಹೆಸರಿನಲ್ಲೂ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳ ಕತ್ತಿನ ಮೂಳೆಯ ರಂಧ್ರಗಳ ಮೂಲಕ ಹಾದುಹೋಗುತ್ತದೆ. ಆ ನಾಳ ಸೀಳಿದರೆ ಪಾರ್ಶ್ವವಾಯು ಹೊಡೆಯಬಹುದು.

ಕೆಲವು ಸಂದರ್ಭಗಳಲ್ಲಿ ಬಿಂದು ಹುಡುಕುತ್ತ ಕೂರಬಾರದು. ಕೈಗೆ ಜೋಮು ಹಿಡಿಯುವುದು, ಹಿಡಿತ ಸಡಿಲವಾಗಿ ಲೋಟ ಜಾರುವುದು, ನಡೆಯುವಾಗ ಕಾಲು ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದ ಜೊತೆ ಕತ್ತು ಬಿಗಿಯುವುದು, ಬಿದ್ದ ಅಥವಾ ಅಪಘಾತದ ನಂತರದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಎದೆಯಿಂದ ಹೆಗಲಿಗೆ ಹರಿಯುವ ನೋವು. ಇವುಗಳಲ್ಲಿ ಯಾವುದು ಕಂಡರೂ ನೇರವಾಗಿ ಆಸ್ಪತ್ರೆಗೆ ಹೋಗಿ.

ಉಳಿದಂತೆ, ಕೂತು ಕೂತು ಬಂದ ನೋವಿಗೆ ಚೀನೀ ವೈದ್ಯದಲ್ಲಿ ಸಹಾಯವಿದೆ ಎಂಬುದು ನನ್ನ ತೀರ್ಮಾನ. ಬೆರಳು, ಬಟ್ಟಲು, ಸೂಜಿ ಇವೆಲ್ಲ ಕಾಲುವೆಯ ಕಸ ತೆಗೆಯುವ ಕೆಲಸ ಮಾಡುತ್ತವೆ. ನೀರು ಹರಿಸುವುದು ನಮ್ಮ ಪಾಲಿನ ಕೆಲಸ. ವಾರಕ್ಕೊಮ್ಮೆ ಹೆಗಲು ಒತ್ತಿಸಿಕೊಂಡು ಉಳಿದ ಆರು ದಿನ ಕಲ್ಲಿನಂತೆ ಕೂತರೆ ಕಸ ಮತ್ತೆ ಕಟ್ಟುತ್ತದೆ.

ಇಷ್ಟನ್ನು ಓದಲು ನಿಮಗೆ ಹದಿನೈದು ನಿಮಿಷವಾದರೂ ಹಿಡಿದಿದೆ, ಅಷ್ಟೂ ಹೊತ್ತು ತಲೆ ಬಗ್ಗಿಸಿಯೇ ಇದ್ದಿರಿ. ಪತ್ರಿಕೆ ಕೆಳಗಿಡಿ. ಎದ್ದು ನಿಂತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ನಿಧಾನವಾಗಿ ಹಿಂತಿರುಗಿ ನೋಡಿ.